ಎಸ್‌ಎನ್‌ಎಫ್ ಕಮ್ಮಿ ಬಂತು ಅಂತ ಡೈರಿ ಬಿಡಬೇಡಿ ತಮ್ಮ

ಮದ್ದೂರು ಕಡೆಯ ತಮ್ಮ, ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಶಿಯನ್ ತಳಿ) ಹಸು ಇವೆ, ಎಸ್‌ಎನ್‌ಎಫ್ (ಹಾಲಿನಲ್ಲಿ ನೀರು, ಕೊಬ್ಬು ಬಿಟ್ಟು ಉಳಿಯುವ ಸತ್ವ) ಶೇಕಡಾ 7.9 ದಾಟುತ್ತಿಲ್ಲ, ಡೈರಿಯ ಟೆಸ್ಟ್ ಮೆಷಿನ್ನೇ ಸರಿಯಿಲ್ಲ ಅಂತ ಬರೆದಿದ್ದೀರಿ. ಟೆಸ್ಟ್ ಮಾಡದೆ ಲೀಟರಿಗೆ 3 ರೂಪಾಯಿ ಜಾಸ್ತಿ ಕೊಡುವ ವ್ಯಾನಿಗೆ ಹಾಲು ಹಾಕುತ್ತೇನೆ ಅಂದಿದ್ದೀರಿ. ದಯವಿಟ್ಟು ತಡೆಯಿರಿ. ಇದೇ ಕೆಲಸ ನಾನು ಮಾಡಿ ಒಂದು ಹಸು ಕಳೆದುಕೊಂಡಿದ್ದೇನೆ.

ನಮ್ಮದು ಪಾಂಡವಪುರ ತಾಲ್ಲೂಕು. 20 ಗುಂಟೆ ಜಮೀನು, ಮೂರು ಹಸು. ನನಗೂ 7.8 ಬರುತ್ತಿತ್ತು. ನಮ್ಮ ಡೈರಿ, ಅಂದರೆ ಊರಿನ ಹಾಲು ಸಂಘದ ಸೆಕ್ರೆಟರಿ ಜೊತೆ ಜಗಳ ಆಡಿ ಒಬ್ಬ ವ್ಯಾಪಾರಿಗೆ ಹಾಕಲು ಶುರು ಮಾಡಿದೆ. ನಾಲ್ಕು ತಿಂಗಳು ವಾರ ವಾರ ಕೈಗೆ ದುಡ್ಡು. ಮಳೆ ಬಿದ್ದು ಎಲ್ಲರ ಮನೆಯಲ್ಲೂ ಹಾಲು ಜಾಸ್ತಿ ಆಯಿತು ನೋಡಿ, 5 ರೂಪಾಯಿ ಇಳಿಸಿದರು. ಆಮೇಲೆ ಕೊಡಬೇಕಾದ ದುಡ್ಡೂ ನಿಂತಿತು. ಒಂದು ಸಂಜೆ ವ್ಯಾನೇ ಬರಲಿಲ್ಲ. ಕ್ಯಾನಿನಲ್ಲಿ 18 ಲೀಟರ್ ಹಾಲು, ರಾತ್ರಿ ಎಂಟರವರೆಗೆ ಅರಳಿಕಟ್ಟೆ ಹತ್ತಿರ ನಿಂತಿದ್ದೆ. ಆರು ವಾರದ ಬಾಕಿ ಇವತ್ತಿಗೂ ಬಂದಿಲ್ಲ. ಅದೇ ವರ್ಷ ಕರು ಹಾಕಿದ ಎರಡನೇ ದಿನ ದೊಡ್ಡ ಹಸು ಮಲಗಿದ್ದು ಏಳಲೇ ಇಲ್ಲ. ಸಂಘ ಬಿಟ್ಟಿದ್ದರಿಂದ ಅದರ ಮೂಲಕ ಕಟ್ಟುತ್ತಿದ್ದ ವಿಮೆ ಆ ವರ್ಷ ಕಟ್ಟಿರಲಿಲ್ಲ.

ಆ 3 ರೂಪಾಯಿ ಲೆಕ್ಕವನ್ನೇ ಸರಿಯಾಗಿ ಮಾಡಿ. ಸಂಘಕ್ಕೆ ಹಾಕಿದ ಹಾಲಿಗೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಬರೋದು ಸ್ವಲ್ಪ ಹಿಂದೆಮುಂದೆ ಆಗಬಹುದು, ಆದರೂ ಅದು ನಿಮ್ಮ ದುಡ್ಡು. ವರ್ಷದ ಕೊನೆಗೆ ಬೋನಸ್ ಬೇರೆ. ಆಸ್ಪತ್ರೆ ಖರ್ಚಿಗೆ ಆಗುವ ಯಶಸ್ವಿನಿ ಕಾರ್ಡು ಮಾಡಿಸಲು ಸಹಕಾರ ಸಂಘದ ಸದಸ್ಯತ್ವ ಬೇಕು. ನಮ್ಮಂಥ ಮನೆಯಲ್ಲಿ ಒಂದು ಆಪರೇಷನ್ ಬಂದರೆ ಹಸು ಮಾರಬೇಕಾಗುತ್ತದೆ, ಅಲ್ವಾ? ಸಂಘದ ಬೈಲಾ ಪ್ರಕಾರ ವರ್ಷಕ್ಕೆ ಇಷ್ಟು ಅಂತ ಹಾಲು ಹಾಕದಿದ್ದರೆ ಸಂಘದಲ್ಲಿ ನಿಮ್ಮ ವೋಟೂ ಹೋಗುತ್ತದೆ. ಕಬ್ಬಿನ ದುಡ್ಡು ವರ್ಷಕ್ಕೊಂದು ಸಲ. ಮನೆ ನಡೆಯೋದು ಡೈರಿ ಬಟವಾಡೆಯಲ್ಲಿ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ಒಕ್ಕೂಟ ಕಟ್ಟಿದ್ದೇ ವ್ಯಾಪಾರಿ ಹೇಳಿದ ಬೆಲೆಗೆ ಹಾಲು ಕೊಟ್ಟು ಸಾಕಾಗಿ. ನಾವು ವಾಪಸ್ ಅಲ್ಲಿಗೇ ಹೋಗಬಾರದು.

ಮೆಷಿನ್ ಮೇಲೆ ಅನುಮಾನ ಇದ್ದರೆ ಬಿಡಬೇಡಿ, ಕೇಳಿ. ನಮ್ಮ ಸಂಘಗಳ ಮೇಲಿನ ಹಾಲು ಒಕ್ಕೂಟದ ವಿಸ್ತರಣಾಧಿಕಾರಿ ಬಂದಾಗ ನಿಮ್ಮ ಎದುರೇ ಚೆಕ್ ಮಾಡಿಸಿ. ನೀವು ಷೇರುದಾರರು. ಆದರೆ ನಂದಿನಿ ನೀಲಿ ಪ್ಯಾಕೆಟ್ ಒಂದು ಸಲ ತಿರುಗಿಸಿ ನೋಡಿ. ಫ್ಯಾಟ್ 3.0, ಎಸ್‌ಎನ್‌ಎಫ್ 8.5. ನಾವು 7.9 ಕೊಟ್ಟರೆ ಉಳಿದದ್ದನ್ನು ಅವರು ಹಾಲಿನ ಪುಡಿ ಸೇರಿಸಿ ತುಂಬಬೇಕು. ರೇಟು ಇಳಿಯೋದು ಅದಕ್ಕೇ.

ಈಗ ನೀವು ಹಾಕಿರುವ ಕೊಟ್ಟಿಗೆಯ ಫೋಟೊ. ಗೋದಲಿ ತುಂಬಾ ಕಬ್ಬಿನ ಸೋಗೆ, ಪಕ್ಕದಲ್ಲಿ ಭತ್ತದ ಹುಲ್ಲು. ನನ್ನ ತಪ್ಪೂ ಇದೇ. ಪುಕ್ಕಟೆ ಸಿಗುತ್ತದೆ ಅಂತ ಸೋಗೆಯಲ್ಲೇ ಹೊಟ್ಟೆ ತುಂಬಿಸಿದೆ. ಸೋಗೆ, ಭತ್ತದ ಹುಲ್ಲು ಎರಡರಲ್ಲೂ ಆಕ್ಸಲೇಟ್ ಅನ್ನೋ ಅಂಶ ಇದೆ, ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಹಸುವಿನ ಮೈಗೆ ಹೋಗಲು ಬಿಡಲ್ಲ. ಮೇಲೆ ಸತ್ವವೂ ಕಮ್ಮಿ. ಹೊಟ್ಟೆ ದಪ್ಪ ಕಾಣುತ್ತದೆ, ಹಸು ಮಾತ್ರ ಹಸಿದೇ ಇರುತ್ತದೆ. ಹಸಿದ ಹಸುವಿನಲ್ಲಿ ಎಸ್‌ಎನ್‌ಎಫ್ ಬರಲ್ಲ.

ಸೋಗೆ ಅರ್ಧಕ್ಕೆ ಇಳಿಸಿ. ಆ ಜಾಗಕ್ಕೆ ನೇಪಿಯರ್ ಹುಲ್ಲು, ಜೊತೆಗೆ ಅಲಸಂದೆ ಅಥವಾ ಕುದುರೆ ಮಸಾಲು. ಬದುವಿನ ಮೇಲೆ ಅಗಸೆ ಮರ ಹಾಕಿ, ಜಾಗ ತಿನ್ನಲ್ಲ. ಫೀಡು ಲೀಟರ್ ಹಾಲಿಗೆ 400 ಗ್ರಾಂ, ಮೈಗೆ ಅಂತ ಒಂದೂವರೆ ಕೆಜಿ ಬೇರೆ. ಮಿನರಲ್ ಮಿಕ್ಸ್ಚರ್ ದಿನಕ್ಕೆ 50 ಗ್ರಾಂ ತಪ್ಪಿಸಬೇಡಿ. ಫೀಡಿನಲ್ಲಿ ನಾನು ನಂದಿನಿ ಗೋಲ್ಡ್ ಬಿಟ್ಟು ಬೇರೆ ಮೂಟೆ ತರಲ್ಲ. ಬರೀ ಗೋಧಿ ಬೂಸಾ ಕಲಸಿ ಹಾಕಿ ಸುಮ್ನೆ ಫೀಡು ಅನ್ನಬೇಡಿ. ಬಣ್ಣದ ಬಾಟಲಿಯ ಕ್ಯಾಲ್ಸಿಯಂಗೆ ಸುರಿಯುವ ದುಡ್ಡಿಗೆ ಅರ್ಧ ಮೂಟೆ ಹಿಂಡಿ ಬರುತ್ತದೆ. ಆದರೆ ಎಲ್ಲ ಒಂದೇ ದಿನ ಬದಲಾಯಿಸಬೇಡಿ, ಹೊಟ್ಟೆ ಕೆಡುತ್ತದೆ. ಹತ್ತು ಹದಿನೈದು ದಿನ ತೆಗೆದುಕೊಳ್ಳಿ. ಗಬ್ಬದ ಕೊನೆ ದಿನಗಳ ಹಸುವಿಗೆ ಈ ಲೆಕ್ಕ ಬೇರೆ, ಡಾಕ್ಟರನ್ನು ಕೇಳಿ. ನನಗೆ ಒಂದೂವರೆ ತಿಂಗಳಿಗೆ 8.4 ಬಂತು.

ಇನ್ನೊಂದು, ಕ್ಯಾನು ತೊಳೆದು ಬೋರಲು ಹಾಕುತ್ತೀರಾ? ತಳದಲ್ಲಿ ಅರ್ಧ ಲೋಟ ನೀರು ಉಳಿದರೂ ಐದು ಲೀಟರ್ ಹಾಲಿನಲ್ಲಿ ಗೊತ್ತಾಗುತ್ತದೆ. ಕರುವನ್ನು ಮೊದಲು ಬಿಡಿ, ಕೊನೆಗೆ ಬಿಡಬೇಡಿ. ಕೊನೆ ಹಾಲಿನಲ್ಲೇ ಫ್ಯಾಟ್ ಇರೋದು. ಕರೆದ ತಕ್ಷಣ ಹಸು ಮಲಗದ ಹಾಗೆ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಿ. ತೊಟ್ಟಿನ ಬಾಯಿ ಆಗ ತೆರೆದಿರುತ್ತದೆ, ಸಗಣಿ ಮೇಲೆ ಮಲಗಿದರೆ ಕೆಚ್ಚಲು ಬಾವು. ಬಾವು ಹೊರಗೆ ಕಾಣದಿದ್ದರೂ ಒಳಗಿದ್ದರೆ ಎಸ್‌ಎನ್‌ಎಫ್ ಬೀಳುತ್ತದೆ.

ಅದಕ್ಕೇ ನಾಳೆ ಬೆಳಗ್ಗೆ ಎರಡೂ ಹಸುವಿನ ಹಾಲು ಬೇರೆ ಬೇರೆ ಬಾಟಲಿಯಲ್ಲಿ ತೆಗೆದುಕೊಂಡು ಹೋಗಿ, ಸೆಕ್ರೆಟರಿ ಹತ್ತಿರ ಸಮಾಧಾನವಾಗಿ ಮಾತಾಡಿ ಟೆಸ್ಟ್ ಮಾಡಿಸಿ. ಒಂದೇ ಹಸು ರೀಡಿಂಗನ್ನು ಕೆಳಗೆ ಎಳೆಯುತ್ತಿರಬಹುದು. ಎರಡರ ರೀಡಿಂಗೂ ಇಲ್ಲಿ ಹಾಕಿ, ಯಾವುದಕ್ಕೆ ಏನು ಅಂತ ಆಮೇಲೆ ಹೇಳುತ್ತೇನೆ. ನೇಪಿಯರ್ ಕಡ್ಡಿ ಬೇಕಿದ್ದರೆ ಬನ್ನಿ, ನಮ್ಮ ಬದುವಿನಲ್ಲಿ ಬೇಕಾದಷ್ಟಿದೆ.