ಗಟ್ಟಿ ಬಂಧದ ಅನಿಲ ಬೆಳಕಿಗೆ ಒಡೆಯುವುದೇಕೆ?

ಪ್ರಶ್ನೆ: ಕಾರ್ಬನ್ ಟೆಟ್ರಾಫ್ಲೋರೈಡ್‌ನ ಅಣುತೂಕ 88. ಆದರೆ ಅದರ ದ್ರವ್ಯರಾಶಿ ರೋಹಿತದಲ್ಲಿ (ಅಣುವಿನಿಂದ ಎಲೆಕ್ಟ್ರಾನ್ ಕಿತ್ತಾಗ ಉಂಟಾಗುವ ಅಯಾನುಗಳನ್ನು, ಅಂದರೆ ವಿದ್ಯುದಾವೇಶವುಳ್ಳ ಕಣಗಳನ್ನು, ತೂಕದಂತೆ ವಿಂಗಡಿಸಿದ ನಕ್ಷೆಯಲ್ಲಿ) 88ರ ಜಾಗ ಖಾಲಿಯಿದ್ದು, 69ರಲ್ಲಿ ಎತ್ತರದ ಶಿಖರವಿರುತ್ತದೆ. ಕಾರ್ಬನ್–ಫ್ಲೋರಿನ್ ಬಂಧ ಬಹಳ ಗಟ್ಟಿ ಎಂದು ಓದಿದ್ದೇವೆ. ಬೆಳಕು ಕೀಳುವ ಎಲೆಕ್ಟ್ರಾನ್ ಕೂಡ ಬಂಧದ್ದಲ್ಲ, ಫ್ಲೋರಿನ್ನಿನ ಒಂಟಿ ಜೋಡಿಯದು (ಬಂಧದಲ್ಲಿ ತೊಡಗದ ಎಲೆಕ್ಟ್ರಾನ್ ಜೋಡಿಯದು). ಹಾಗಿದ್ದರೂ ಅಣು ಒಡೆಯುವುದೇಕೆ?
(ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನಿಮ್ಮ ಮೂರು ಹೇಳಿಕೆಗಳೂ ಸರಿ. ಅವು ಪರಸ್ಪರ ವಿರೋಧಿಸುವಂತೆ ತೋರುವುದು, ತಟಸ್ಥ ಅಣುವಿನ ಬಂಧದ ಬಲವನ್ನೇ ಅಯಾನಿನ ಬಂಧದ ಬಲವೆಂದು ನಾವು ಅರಿವಿಲ್ಲದೆ ಭಾವಿಸುವುದರಿಂದ. ಒಂದು ಸಣ್ಣ ಲೆಕ್ಕದಿಂದ ಇದು ಬಿಡಿಸಿಕೊಳ್ಳುತ್ತದೆ.

ತಟಸ್ಥ ಅಣುವಿನಿಂದ ಒಂದು ಫ್ಲೋರಿನ್ ಪರಮಾಣುವನ್ನು ಬೇರ್ಪಡಿಸಲು ಸುಮಾರು 5.6 ಎಲೆಕ್ಟ್ರಾನ್ ವೋಲ್ಟ್ (ಅಣುಗಳ ಮಟ್ಟದಲ್ಲಿ ಶಕ್ತಿಯನ್ನು ಅಳೆಯುವ ಮಾನ) ಬೇಕು. ಉಳಿದ ಸಿಎಫ್3 ತುಣುಕಿನಿಂದ (ಒಂದು ಕಾರ್ಬನ್, ಮೂರು ಫ್ಲೋರಿನ್; ತೂಕ 69) ಒಂದು ಎಲೆಕ್ಟ್ರಾನನ್ನು ತೆಗೆಯಲು ಮತ್ತೆ ಸುಮಾರು 9.05 ಬೇಕು. ಎರಡೂ ಸೇರಿದರೆ 14.7ರ ಆಸುಪಾಸು. ಇಡೀ ಅಣುವಿನಿಂದ ಎಲೆಕ್ಟ್ರಾನನ್ನು ನೇರವಾಗಿ ಕೀಳಲಾದರೋ ಸುಮಾರು 16.2 ಎಲೆಕ್ಟ್ರಾನ್ ವೋಲ್ಟ್ ವೆಚ್ಚವಾಗುತ್ತದೆ. ಅಂದರೆ ಹುಟ್ಟುವ ಕ್ಷಣದಲ್ಲಿಯೇ ಸಿಎಫ್4 (ಇಡೀ ಅಣುವಿನ) ಅಯಾನಿನ ಬಳಿ, ಒಡೆಯಲು ಬೇಕಾದುದಕ್ಕಿಂತ ಸುಮಾರು ಒಂದೂವರೆ ಎಲೆಕ್ಟ್ರಾನ್ ವೋಲ್ಟ್ ಹೆಚ್ಚಿನ ಶಕ್ತಿಯಿರುತ್ತದೆ.

ಶಕ್ತಿ ಹೆಚ್ಚಾಗಿದ್ದರೆ ಸಾಲದು, ಒಡೆಯಲು ದಾರಿಯೂ ಬೇಕಲ್ಲವೇ ಎಂದು ನೀವು ಕೇಳಬಹುದು. ಇಲ್ಲಿ ದಾರಿಗೆ ಅಡ್ಡಿಯೇ ಇಲ್ಲ. ಈ ಅಯಾನಿನ ತಳಮಟ್ಟದ ಸ್ಥಿತಿಯಲ್ಲಿ ಒಂದು ಕಾರ್ಬನ್–ಫ್ಲೋರಿನ್ ಬಂಧ ಉದ್ದವಾದಂತೆಲ್ಲ ಒಟ್ಟು ಶಕ್ತಿ ಇಳಿಯುತ್ತಲೇ ಹೋಗುತ್ತದೆ. ಇಳಿಜಾರಿನಲ್ಲಿ ಇಟ್ಟ ಚೆಂಡಿಗೆ ತಂಗಲು ಒಂದು ಗುಂಡಿಯೂ ಸಿಗದಂತೆ. ಹೀಗಾಗಿ ಒಂದು ಪಿಕೋಸೆಕೆಂಡಿಗಿಂತಲೂ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ) ಕಡಿಮೆ ಸಮಯದಲ್ಲಿ ಫ್ಲೋರಿನ್ ಹೊರಟುಹೋಗುತ್ತದೆ. ಅಯಾನು ಉಪಕರಣದ ಶೋಧಕವನ್ನು ತಲುಪಲು ಮೈಕ್ರೋಸೆಕೆಂಡುಗಳೇ ಬೇಕಾಗಿರುವುದರಿಂದ, 88ರ ಅಯಾನು ಅಲ್ಲಿಗೆ ಮುಟ್ಟುವ ಪ್ರಶ್ನೆಯೇ ಬರುವುದಿಲ್ಲ.

ಧನಾವೇಶ ಸಿಎಫ್3 ಪಾಲಿಗೇ ಉಳಿಯುವುದಕ್ಕೂ ಕಾರಣವಿದೆ. ಫ್ಲೋರಿನ್ ಪರಮಾಣುವಿನ ಅಯಾನೀಕರಣ ಶಕ್ತಿ, ಅಂದರೆ ಎಲೆಕ್ಟ್ರಾನನ್ನು ಕೀಳಲು ಬೇಕಾದ ಶಕ್ತಿ, 17.4 ಎಲೆಕ್ಟ್ರಾನ್ ವೋಲ್ಟ್. ಎಲೆಕ್ಟ್ರಾನನ್ನು ಬಿಟ್ಟುಕೊಡುವುದರಲ್ಲಿ ಅದು ಮಹಾ ಜಿಪುಣ. ಸಿಎಫ್3 ಅಯಾನು ಚಪ್ಪಟೆಯಾಗಿ, ಮೂರು ಫ್ಲೋರಿನ್‌ಗಳ ಒಂಟಿ ಜೋಡಿಗಳು ಕಾರ್ಬನ್ನಿನ ಖಾಲಿ ಕಕ್ಷಕಕ್ಕೆ (ಎಲೆಕ್ಟ್ರಾನ್ ಇರಬಹುದಾದ ಜಾಗಕ್ಕೆ) ಒತ್ತಾಸೆಯಾಗುವುದರಿಂದ ತಕ್ಕಮಟ್ಟಿಗೆ ನೆಮ್ಮದಿಯಾಗಿರುತ್ತದೆ. ಕಾರಿನ ಎಸಿಯಲ್ಲಿ ಬಳಸುವ 134ಎ ಅನಿಲದಲ್ಲಿ ಧನಾವೇಶಕ್ಕಾಗಿ ತುಣುಕುಗಳ ಈ ಪೈಪೋಟಿ ಸಮಬಲದ್ದು: ಅದರ ಕಾರ್ಬನ್–ಕಾರ್ಬನ್ ಬಂಧ ಮುರಿದಾಗ ದೊರೆಯುವ ಸಿಎಫ್3 ಮತ್ತು ಸಿಎಚ್2ಎಫ್ ತುಣುಕುಗಳ ಅಯಾನೀಕರಣ ಶಕ್ತಿಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅವುಗಳ ತೂಕಗಳಾದ 69 ಮತ್ತು 33 ಎರಡೂ ಕಾಣುತ್ತವೆ.

ನನಗೆ ಇದಕ್ಕಿಂತಲೂ ಸ್ವಾರಸ್ಯವೆನಿಸುವುದು ಮುಂದಿನ ಸಂಗತಿ. ಫೋಟಾನಿನ ಶಕ್ತಿಯನ್ನು 21 ಎಲೆಕ್ಟ್ರಾನ್ ವೋಲ್ಟಿನಿಂದಾಚೆಗೆ ಏರಿಸಿ ಇನ್ನೂ ಒಳಗಿನ ಎಲೆಕ್ಟ್ರಾನನ್ನು ಕಿತ್ತರೆ, ಅಯಾನು ಮತ್ತಷ್ಟು ಬೇಗ ಒಡೆಯಬೇಕೆಂದು ಯಾರಾದರೂ ನಿರೀಕ್ಷಿಸುತ್ತಾರೆ. ಆದರೆ ಅಂಥ ಎರಡು ಉದ್ರಿಕ್ತ (ಹೆಚ್ಚು ಶಕ್ತಿಯ) ಸ್ಥಿತಿಗಳಲ್ಲಿ ಸಿಎಫ್4 ಅಯಾನು ಕೆಲವು ನ್ಯಾನೊಸೆಕೆಂಡ್ ಬದುಕಿದ್ದು ನೇರಳಾತೀತ ಬೆಳಕನ್ನು ಸೂಸುತ್ತದೆ. ಬೆಳಕು ಸೂಸಿ ಕೆಳಗಿನ ಸ್ಥಿತಿಗೆ ಇಳಿದ ಅಯಾನು ಆಮೇಲೆ ಒಡೆಯುತ್ತದೆ.

ಇಂಥ ಪ್ರಯೋಗಕ್ಕೆ 77 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕು ಬೇಕು. ಗಾಳಿ ಅದನ್ನು ನುಂಗಿಬಿಡುವುದರಿಂದ ಇಡೀ ಮಾರ್ಗ ನಿರ್ವಾತವಾಗಿರಬೇಕು. ಕಿಟಕಿ ಇಡುವಂತೆಯೂ ಇಲ್ಲ. ಇಂಥ ಕೆಲಸಗಳಿಗೆ ಹೆಸರಾದ ಲಿಥಿಯಂ ಫ್ಲೋರೈಡ್ ಹರಳು ಕೂಡ ಸುಮಾರು 105 ನ್ಯಾನೊಮೀಟರಿನ ಕೆಳಗೆ ಅಪಾರದರ್ಶಕವಾಗುತ್ತದೆ. ಆದ್ದರಿಂದ ಬೆಳಕಿನ ಕೊಳವೆಯನ್ನು ಅನಿಲದ ಕೋಣೆಗೆ ನೇರವಾಗಿ ತೆರೆದು, ನಡುವೆ ಹಂತಹಂತವಾಗಿ ಪಂಪ್ ಮಾಡುತ್ತಿರುತ್ತಾರೆ. ಬೆಳಕಿನ ಮೂಲ ಸಾಮಾನ್ಯವಾಗಿ ಸಿಂಕ್ರೊಟ್ರಾನ್, ಅಂದರೆ ವೇಗದ ಎಲೆಕ್ಟ್ರಾನುಗಳನ್ನು ಉಂಗುರದಲ್ಲಿ ಓಡಿಸಿ ಬೆಳಕು ಪಡೆಯುವ ಯಂತ್ರ. ನಮ್ಮ ದೇಶದಲ್ಲಿ ಇಂದೋರಿನ ಇಂಡಸ್-1 ಈ ವಲಯದ ಬೆಳಕನ್ನು ಕೊಡುವ ಯಂತ್ರ. ಹೊರಬಿದ್ದ ಎಲೆಕ್ಟ್ರಾನನ್ನೂ ಅದೇ ಅಣುವಿನ ಅಯಾನನ್ನೂ ಜೋಡಿಯಾಗಿ ಎಣಿಸಿದರೆ, ಯಾವ ಸ್ಥಿತಿಯಿಂದ ಯಾವ ತುಣುಕು ಬಂತೆಂಬುದು ನೇರವಾಗಿ ತಿಳಿಯುತ್ತದೆ.

ಪ್ರಶ್ನೆ: ವಿದ್ಯುತ್ ಸ್ವೀಕರಣಾ ಕೇಂದ್ರಗಳ ಬ್ರೇಕರುಗಳಿಂದ (ವಿದ್ಯುತ್ ಹರಿವನ್ನು ಕಡಿಯುವ ಸ್ವಿಚ್ಚುಗಳಿಂದ) ಸೋರುವ ಸಲ್ಫರ್ ಹೆಕ್ಸಾಫ್ಲೋರೈಡ್ ಕೂಡ ಹೀಗೆಯೇ ಒಡೆಯುತ್ತದೆಯೇ? ಬಿಸಿಲಿಗೆ ಅದು ನಾಶವಾಗಬೇಕಲ್ಲವೇ?
(ನಿವೃತ್ತ ಕಿರಿಯ ಎಂಜಿನಿಯರ್, ಶಿವಮೊಗ್ಗ)

ಉತ್ತರ: ಪ್ರಯೋಗಶಾಲೆಯಲ್ಲಿ ಹೌದು. ಅದರ ಅಣುತೂಕ 146 ಆಗಿದ್ದರೂ ಸುಮಾರು 15.3 ಎಲೆಕ್ಟ್ರಾನ್ ವೋಲ್ಟಿನ ಬೆಳಕಿನಲ್ಲಿ ಮೊದಲು ಕಾಣುವುದು ಒಂದು ಫ್ಲೋರಿನ್ ಕಳೆದುಕೊಂಡ 127ರ ಎಸ್‌ಎಫ್5 ಅಯಾನು. ಶಕ್ತಿ ಏರಿದಂತೆ ಎಸ್‌ಎಫ್4, ಎಸ್‌ಎಫ್3 ಅಯಾನುಗಳೂ ಬರುತ್ತವೆ.

ಬಿಸಿಲಿನ ಮಾತು ಬೇರೆ. ಕಣ್ಣಿಗೆ ಕಾಣುವ ಬೆಳಕಿನ ಫೋಟಾನಿಗೆ ಹೆಚ್ಚೆಂದರೆ ಮೂರು ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿರುತ್ತದೆ. ವಾಯುಮಂಡಲದ ಮೇಲ್ಪದರಗಳಲ್ಲಿ ಪ್ರಬಲವಾಗಿರುವ 121.6 ನ್ಯಾನೊಮೀಟರಿನ ಸೌರರೇಖೆಯದೂ 10.2 ಮಾತ್ರ. ಅದು ಈ ಅಣುವನ್ನು ಅಯಾನೀಕರಿಸಲಾರದು, ಆದರೆ ಎಲೆಕ್ಟ್ರಾನನ್ನು ಕೀಳದೆಯೇ ಅಲ್ಪಸ್ವಲ್ಪ ಒಡೆಯಬಲ್ಲದು. ಸುಮಾರು 60 ಕಿಲೋಮೀಟರಿಗಿಂತ ಎತ್ತರದಲ್ಲಿ ಈ ಅನಿಲವನ್ನು ಮುಖ್ಯವಾಗಿ ನಾಶಮಾಡುವುದು ಬಿಡಿ ಎಲೆಕ್ಟ್ರಾನುಗಳು: ಅಣು ಅವನ್ನು ಹಿಡಿದುಕೊಂಡು ಋಣ ಅಯಾನಾಗುತ್ತದೆ. ಬ್ರೇಕರಿನಲ್ಲಿ ಕಿಡಿಯನ್ನು ನಂದಿಸುವುದಕ್ಕೆ ನೀವು ನೆಚ್ಚಿಕೊಂಡಿದ್ದ ಗುಣವೂ ಇದೇ. ಆದರೆ ಅಷ್ಟೆತ್ತರಕ್ಕೆ ಅನಿಲ ತಲುಪುವುದು ತೀರ ನಿಧಾನವಾದ್ದರಿಂದ, ಅದರ ಆಯುಷ್ಯವನ್ನು ನೂರಾರು ವರ್ಷಗಳಿಂದ ಮೂರು ಸಾವಿರ ವರ್ಷಗಳವರೆಗೆ ಅಂದಾಜಿಸಲಾಗಿದೆ.