ಎರಡು ದಿನದ ವಾದ, ಒಬ್ಬ ಸಾಕ್ಷಿಯೂ ಇಲ್ಲ

ಎರಡನೇ ಮಹಾಯುದ್ಧದ ನಂತರ ನಾಜಿಗಳ ವಿಚಾರಣೆ ನಡೆದ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಯುದ್ಧಾಪರಾಧಗಳ ಸರ್ಕಾರಿ ವಕೀಲರಾಗಿದ್ದ ಬೆಂಜಮಿನ್ ಫೆರೆಂಜ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ಹಾವೇರಿಯ ಯುವ ವಕೀಲರೊಬ್ಬರು ಬೇಸರದಿಂದ ಪತ್ರ ಬರೆದಿದ್ದಾರೆ. ಹತ್ತು ಲಕ್ಷ ಜನರ ಕೊಲೆ ಪ್ರಕರಣವನ್ನು ಎರಡೇ ದಿನದಲ್ಲಿ ಮಂಡಿಸಿ ಮುಗಿಸಿದ್ದು, ಬದುಕುಳಿದವರಲ್ಲಿ ಒಬ್ಬರನ್ನೂ ಸಾಕ್ಷಿ ಕಟಕಟೆಗೆ ಕರೆಯದಿದ್ದದ್ದು ನೊಂದವರಿಗೆ ಮಾಡಿದ ಅನ್ಯಾಯವಲ್ಲವೇ ಎಂಬುದು ಅವರ ಪ್ರಶ್ನೆ.

ನಿಮ್ಮ ಕಳಕಳಿ ಸಹಜವಾದದ್ದು. 1961ರಲ್ಲಿ ಜೆರುಸಲೇಮಿನಲ್ಲಿ ನಡೆದ, ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆಯಲ್ಲಿ ನೂರಕ್ಕೂ ಹೆಚ್ಚು ಜನ ಸಾಕ್ಷಿ ಹೇಳಿದರು. ಜಗತ್ತು ಅವರ ಮಾತು ಕೇಳಿಸಿಕೊಂಡಿದ್ದು ದೊಡ್ಡ ಸಂಗತಿಯೇ. ಆದರೆ ಫೆರೆಂಜ್ ಮಾಡಿದ್ದೇ ಸರಿ ಎಂದು ನಾನು ನಂಬಿದ್ದೇನೆ. ವಕೀಲರಾದ ನೀವು ಇದನ್ನು ಇನ್ನೊಮ್ಮೆ ಯೋಚಿಸಬೇಕು.

ಅವರ ಪ್ರಕರಣ ಯಾವುದು ನೋಡಿ. 1941ರಲ್ಲಿ ಜರ್ಮನ್ ಸೇನೆಯ ಬೆನ್ನಿಗೇ ಸೋವಿಯತ್ ನೆಲಕ್ಕೆ ನುಗ್ಗಿದ ಐನ್‌ಸಾಟ್ಸ್‌ಗ್ರುಪ್ಪೆನ್ ಎಂಬ ಕೊಲೆಪಡೆಗಳದ್ದು. ಎ, ಬಿ, ಸಿ, ಡಿ ಎಂಬ ನಾಲ್ಕು ಗುಂಪು, ಒಟ್ಟು ಸುಮಾರು 3,000 ಜನ. ಊರಿನ ಯಹೂದಿಗಳನ್ನು ಒಂದೆಡೆ ಸೇರಿಸುವುದು, ಹಳ್ಳದ ಅಂಚಿಗೆ ಕರೆದೊಯ್ದು ಗುಂಡಿಕ್ಕುವುದು, ಸಂಖ್ಯೆಯನ್ನು ಬರ್ಲಿನ್‌ಗೆ ವರದಿ ಮಾಡುವುದು ಅವರ ದಿನಚರಿ. ಆ ಹಳ್ಳಗಳಿಂದ ಜೀವಂತ ಎದ್ದು ಬಂದವರು ಬೆರಳೆಣಿಕೆಯಷ್ಟು. ಗುಂಡು ಹಾರಿಸಿದವನ ಮುಖವನ್ನು ಅವರು ನೋಡಿರಬಹುದು. ಆದೇಶ ಕೊಟ್ಟ ಅಧಿಕಾರಿಯ ಹೆಸರು ಅವರಿಗೆ ಹೇಗೆ ಗೊತ್ತಿರಬೇಕು? ಪಾಟೀಸವಾಲಿನಲ್ಲಿ ಅವರನ್ನು ನಿಲ್ಲಿಸಿ, ದಿನಾಂಕ ತಪ್ಪಿಸಿ, ಗೊಂದಲಕ್ಕೆ ಕೆಡವುವುದು ನುರಿತ ವಕೀಲನಿಗೆ ಹತ್ತು ನಿಮಿಷದ ಕೆಲಸ.

ಕಾಗದವನ್ನು ಹಾಗೆ ಕೆಡವಲು ಆಗದು. ಬರ್ಲಿನ್‌ನಲ್ಲಿ ಫೆರೆಂಜ್ ಅವರ ಕೈಕೆಳಗಿದ್ದ ಸಂಶೋಧಕರೊಬ್ಬರ ಕಣ್ಣಿಗೆ ಈ ಪಡೆಗಳ ದೈನಂದಿನ ವರದಿಗಳು ಬಿದ್ದವು. 1941ರ ಜೂನ್‌ನಿಂದ 1942ರ ಏಪ್ರಿಲ್‌ವರೆಗಿನ ಈ ಸರಣಿಯಲ್ಲಿ 195 ವರದಿಗಳು. ಫೆರೆಂಜ್ ಸಣ್ಣದೊಂದು ಲೆಕ್ಕದ ಯಂತ್ರ ಇಟ್ಟುಕೊಂಡು ಸತ್ತವರ ಸಂಖ್ಯೆಯನ್ನು ಕೂಡುತ್ತಾ ಹೋದರು. ಹತ್ತು ಲಕ್ಷ ದಾಟಿದ ಮೇಲೆ ಕೂಡುವುದನ್ನು ನಿಲ್ಲಿಸಿದರು. ಮೇಲಧಿಕಾರಿ ಟೆಲ್ಫರ್ಡ್ ಟೇಲರ್ ಹೊಸ ಮೊಕದ್ದಮೆಗೆ ಜನರಿಲ್ಲ ಎಂದಾಗ, ಇರುವ ಕೆಲಸದ ಜೊತೆಗೆ ಇದನ್ನೂ ತಾವೇ ಮಾಡುವುದಾಗಿ ಹೇಳಿದರು. ಆಗ ಅವರಿಗೆ 27 ವರ್ಷ. ಅದು ಅವರ ಮೊದಲ ಮೊಕದ್ದಮೆ.

101ನೇ ವರದಿಯನ್ನೇ ತೆಗೆದುಕೊಳ್ಳಿ. ಕೀವ್‌ನಲ್ಲಿ 1941ರ ಸೆಪ್ಟೆಂಬರ್ 29 ಮತ್ತು 30ರಂದು 33,771 ಯಹೂದಿಗಳನ್ನು ಕೊಂದದ್ದು ಸಿ ಗುಂಪಿನ 4ಎ ತುಕಡಿ ಎಂದು ಅದರಲ್ಲಿದೆ. ಆದರೆ ಇಷ್ಟರಿಂದ ಯಾರಿಗೂ ಶಿಕ್ಷೆಯಾಗುವುದಿಲ್ಲ. ಆ ಎರಡು ದಿನ 4ಎ ತುಕಡಿಯ ಮುಖ್ಯಸ್ಥ ಯಾರಾಗಿದ್ದ ಎಂಬುದಕ್ಕೆ ಎಸ್‌ಎಸ್ ಎಂಬ ನಾಜಿ ಪಡೆಯ ಸೇವಾ ಕಡತ ಬೇಕು. ನೇಮಕದ ದಿನಾಂಕ, ವರ್ಗಾವಣೆ, ರಜೆ, ಎಲ್ಲವನ್ನೂ ವರದಿಯ ದಿನಾಂಕದ ಪಕ್ಕದಲ್ಲಿಟ್ಟು ತಾಳೆ ನೋಡಬೇಕು. 'ನಾನು ಆಗ ಅಲ್ಲಿರಲೇ ಇಲ್ಲ' ಎಂಬ ವಾದ ಬಂದೇ ಬರುತ್ತದೆ. ಮೂಲಪ್ರತಿ ಎಲ್ಲಿ ಸಿಕ್ಕಿತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದಕ್ಕೆ ಪ್ರಮಾಣಪತ್ರ ಬೇಕು. ಅದಕ್ಕೊಂದು ಗುರುತಿನ ಸಂಖ್ಯೆ, ಫೋಟೊ ಪ್ರತಿ, ಇಂಗ್ಲಿಷ್ ಅನುವಾದ, ಆರೋಪಿಯ ವಕೀಲರಿಗೆ ಮುಂಚಿತವಾಗಿ ಜರ್ಮನ್ ಪ್ರತಿ. ಇದರಲ್ಲಿ ಒಂದು ಕೊಂಡಿ ತಪ್ಪಿದರೂ ಆ ಕಾಗದಕ್ಕೆ ಬೆಲೆಯಿಲ್ಲ. ಎರಡು ದಿನದ ಮಂಡನೆಯ ಹಿಂದೆ ತಿಂಗಳುಗಳ ಈ ದುಡಿಮೆ ಇತ್ತು.

4ಎ ತುಕಡಿಯ ಮುಖ್ಯಸ್ಥ ಪೌಲ್ ಬ್ಲೋಬೆಲ್. ಸಂಖ್ಯೆ ಉತ್ಪ್ರೇಕ್ಷೆಯದ್ದು, ಅದರ ಅರ್ಧಕ್ಕಿಂತ ಹೆಚ್ಚು ಜನರನ್ನು ಕೊಂದಿಲ್ಲ ಎಂದು ಅವನ ವಾದ! ಅಲ್ಲಿಗೆ ಕೊಲೆಯನ್ನು ಒಪ್ಪಿಕೊಂಡಂತಾಯಿತು. ಹೆಣಗಳನ್ನು ಅಗೆದು ತೆಗೆದು ಸುಡುವ ಕಾರ್ಯಾಚರಣೆಯ ಹೊಣೆಯೂ ಮುಂದೆ ಇದೇ ಬ್ಲೋಬೆಲ್‌ನದ್ದಾಗಿತ್ತು. ಹೆಣಗಳನ್ನು ಸುಟ್ಟರು, ಬರ್ಲಿನ್‌ನ ಕಡತ ಮಾತ್ರ ಉಳಿಯಿತು. 1948ರ ಏಪ್ರಿಲ್‌ನಲ್ಲಿ ತೀರ್ಪು ಬಂದಾಗ ವಿಚಾರಣೆ ಎದುರಿಸಿದ 22 ಜನರೂ ತಪ್ಪಿತಸ್ಥರು, 14 ಜನರಿಗೆ ಮರಣದಂಡನೆ. ಗಲ್ಲಿಗೇರಿದ್ದು ಬ್ಲೋಬೆಲ್ ಸೇರಿ ನಾಲ್ವರೇ. ಉಳಿದವರ ಶಿಕ್ಷೆ ಇಳಿಯುತ್ತಾ ಬಂದು, 1958ರ ಹೊತ್ತಿಗೆ ಜೈಲಿನಲ್ಲಿ ಒಬ್ಬನೂ ಉಳಿಯಲಿಲ್ಲ. ನಿಮಗೆ ಸಿಟ್ಟು ಬರಬೇಕಾದದ್ದು ಇಲ್ಲಿ. ಅದು ರಾಜಕಾರಣಿಗಳು ಮಾಡಿದ್ದು, ಫೆರೆಂಜ್ ಮಾಡಿದ್ದಲ್ಲ.

ಇನ್ನೊಂದು ಉದಾಹರಣೆ. ಕಾಂಗೋದ ಥಾಮಸ್ ಲುಬಾಂಗಾ, ಮಕ್ಕಳನ್ನು ಸೈನಿಕರನ್ನಾಗಿ ಮಾಡಿದ ಆರೋಪದಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮೊದಲ ವಿಚಾರಣೆ ಎದುರಿಸಿದವನು. 2009ರ ಜನವರಿಯಲ್ಲಿ ಕಟಕಟೆ ಹತ್ತಿದ ಮೊದಲ ಸಾಕ್ಷಿಯೇ ಅಂದೇ ಮಾತು ಬದಲಿಸಿದ. ಮಧ್ಯವರ್ತಿಗಳ ಮೂಲಕ ಸಾಕ್ಷಿಗಳನ್ನು ಹುಡುಕಿಸಿದ್ದಕ್ಕೆ ನ್ಯಾಯಾಧೀಶರು 2012ರ ತೀರ್ಪಿನಲ್ಲಿ ಸರ್ಕಾರಿ ಪಕ್ಷವನ್ನು ತರಾಟೆಗೆ ತೆಗೆದುಕೊಂಡರು. ಶಿಕ್ಷೆಗೆ ಗಟ್ಟಿ ಆಧಾರವಾದವುಗಳಲ್ಲಿ, ರ್ವಂಪಾರಾ ಶಿಬಿರದಲ್ಲಿ ಲುಬಾಂಗಾ ಎಳೆಯ ಹುಡುಗರ ಮುಂದೆ ಭಾಷಣ ಮಾಡುತ್ತಿರುವ ವಿಡಿಯೊವೂ ಒಂದು. ಅದೇ ಮೊಕದ್ದಮೆಯಲ್ಲಿ 2011ರ ಆಗಸ್ಟ್‌ನಲ್ಲಿ ಸರ್ಕಾರಿ ಪಕ್ಷದ ಪರವಾಗಿ ಮುಕ್ತಾಯದ ಮಾತಾಡಲು ಎದ್ದು ನಿಂತವರು 91 ವರ್ಷದ ಫೆರೆಂಜ್. ಇಂಥದ್ದೊಂದು ನ್ಯಾಯಾಲಯ ಬೇಕೆಂದು ಅವರು ದಶಕಗಳ ಕಾಲ ಬರೆದಿದ್ದರು, ಕಾಡಿದ್ದರು. 1998ರಲ್ಲಿ ಅದರ ಒಪ್ಪಂದ ರೋಮ್‌ನಲ್ಲಿ ಮತಕ್ಕೆ ಬಂದಾಗ ಭಾರತ ತಟಸ್ಥವಾಗಿತ್ತು, ಇಂದಿಗೂ ಸೇರಿಲ್ಲ. ಅಮೆರಿಕ 2000ದಲ್ಲಿ ಸಹಿ ಹಾಕಿ 2002ರಲ್ಲಿ ಹಿಂದೆ ಸರಿಯಿತು. ಇದು ನನಗೆ ನೋವಿನ ವಿಷಯ.

ಇನ್ನು ನಮ್ಮ ಅಂಗಳಕ್ಕೆ ಬನ್ನಿ. ಸಾಕ್ಷಿ ತಿರುಗಿಬಿದ್ದ, ಕೇಸು ಬಿತ್ತು ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ! ಒಂದೇ ಸಾಕ್ಷಿಯ ನಾಲಿಗೆಯ ಮೇಲೆ ಇಡೀ ಕೇಸನ್ನು ನಿಲ್ಲಿಸಿದವರು ಯಾರು? ಸ್ಥಳಕ್ಕೆ ಹೋಗದೆ ಠಾಣೆಯಲ್ಲೇ ಬರೆದ ಮಹಜರು, ಸಹಿ ಇದ್ದು ವೇಳೆ ಇಲ್ಲದ ಜಪ್ತಿ ಪಟ್ಟಿ, ಗೆದ್ದಲು ಹತ್ತಿದ ರೆಕಾರ್ಡ್ ರೂಮು, 'ಕಡತ ಸಿಗುತ್ತಿಲ್ಲ' ಎಂಬ ಎರಡು ಸಾಲಿನ ಹಿಂಬರಹ. ಈಗಿನ ಸಾಕ್ಷ್ಯ ಅಧಿನಿಯಮದ 63ನೇ ಕಲಮು, ವಿಡಿಯೊ ಹಾಜರುಪಡಿಸುವಾಗ ಹ್ಯಾಶ್ ಮೌಲ್ಯ (ಕಡತದ ಬೆರಳಚ್ಚಿನಂಥ ಸಂಕೇತ, ಕಡತ ಸ್ವಲ್ಪ ಬದಲಾದರೂ ಇದು ಬದಲಾಗುತ್ತದೆ) ನಮೂದಿಸಿದ ಪ್ರಮಾಣಪತ್ರವನ್ನು ಕೇಳುತ್ತದೆ. ಮೂಲ ಫೋನನ್ನು ವಶಕ್ಕೆ ಪಡೆದು ಮೊಹರು ಮಾಡದೆ, ವಾಟ್ಸಾಪ್‌ನಲ್ಲಿ ಬಂದ ಪ್ರತಿಯನ್ನೇ ಪೆನ್‌ಡ್ರೈವ್‌ಗೆ ಹಾಕಿ ತಂದರೆ, ಅದು ಕುಗ್ಗಿದ ಪ್ರತಿ, ಹ್ಯಾಶ್ ಮೂಲದ್ದಕ್ಕೆ ಹೊಂದುವುದಿಲ್ಲ, ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ.

ಕೊನೆಗೆ ಮತ್ತೆ ಫೆರೆಂಜ್ ಕಡೆಗೆ. ಯುದ್ಧದ ಕೊನೆಯಲ್ಲಿ ನಾಜಿ ಸೆರೆಶಿಬಿರಗಳು ಬಿಡುಗಡೆಯಾದ ಹೊತ್ತಿನಲ್ಲಿ ಸಾರ್ಜೆಂಟ್ ಆಗಿದ್ದ ಫೆರೆಂಜ್ ಒಳಗೆ ಹೋದೊಡನೆ ಮೊದಲು ಹುಡುಕುತ್ತಿದ್ದದ್ದು ಶಿಬಿರದ ಕಚೇರಿಯನ್ನು. ಸತ್ತವರ ನೋಂದಣಿ ಪುಸ್ತಕಕ್ಕೆ ಯಾರಾದರೂ ಬೆಂಕಿ ಹಚ್ಚುವ ಮುಂಚೆ ಅದು ಕೈಸೇರಬೇಕಿತ್ತು. ಸುತ್ತ ಹೆಣಗಳ ರಾಶಿ ಇರುವಾಗ ಪುಸ್ತಕ ಹುಡುಕಿದವರನ್ನು ಮನಸ್ಸಿಲ್ಲದವರೆಂದು ಕರೆಯಬೇಡಿ. ನಿಮ್ಮ ಮುಂದಿನ ಕೇಸಿನಲ್ಲಿ ಸಾಕ್ಷಿಗಳ ಪಟ್ಟಿ ಮಾಡುವ ಮೊದಲು ಮಹಜರು, ಎಫ್‌ಐಆರ್, ಠಾಣೆಯ ದಿನಚರಿ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ವೇಳೆಗಳನ್ನು ತಾಳೆ ನೋಡಿ. ಏನು ಸಿಕ್ಕಿತೆಂದು ಮತ್ತೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.