ಮೃದಂಗ ಗೊತ್ತಿದ್ದವನು ಬಾಟಾ ಕೇಳಲೇಬೇಕು

"ಅಕ್ಕ, ಫ್ರೀಮಾಂಟ್‌ಗೆ ಹೊಸದಾಗಿ ಬಂದಿದ್ದೇನೆ. ವಾರವೆಲ್ಲ ಆಫೀಸು, ಶನಿವಾರ ದಿನಸಿ, ಭಾನುವಾರ ನಿದ್ದೆ. ಜೊತೆ ಕೆಲಸ ಮಾಡುವವರು ಸ್ಯಾನ್ ಫ್ರಾನ್ಸಿಸ್ಕೋದ ಕ್ಯೂಬಾಕ್ಯಾರಿಬೆ ಅನ್ನೋ ಕ್ಯೂಬಾ, ಕ್ಯಾರಿಬಿಯನ್ ನೃತ್ಯ-ಸಂಗೀತದ ಉತ್ಸವಕ್ಕೆ ಕರೆಯುತ್ತಿದ್ದಾರೆ. ನನಗೆ ಮೃದಂಗ ಬಿಟ್ಟು ಬೇರೇನೂ ಗೊತ್ತಿಲ್ಲ, ಹೋಗಲಾ?" ಅಂತ ಕೇಳಿದ್ದೀಯ. ಅಕ್ಕ ಅಂದಿದ್ದೀಯಲ್ಲ, ಹಾಗಾಗಿ ಏಕವಚನದಲ್ಲೇ ಹೇಳುತ್ತೇನೆ. ಹೋಗು ತಮ್ಮ. ಟಿಕೆಟ್ ಕೊಂಡು ನೋಡಿ ಬಂದರೆ ಸಾಲದು, ಒಂದು ಡ್ಯಾನ್ಸ್ ಕ್ಲಾಸಿಗೂ ಸೇರು.

ಬಾರ್ಟ್ ರೈಲಿನಲ್ಲಿ 24ನೇ ಬೀದಿ ಮಿಷನ್ ನಿಲ್ದಾಣದಲ್ಲಿ ಇಳಿದರೆ, ಇಂಥ ಕ್ಲಾಸು ನಡೆಯುವ ಡ್ಯಾನ್ಸ್ ಮಿಷನ್ ಥಿಯೇಟರ್ ಅಲ್ಲೇ ಪಕ್ಕದಲ್ಲಿದೆ. ಈ ಉತ್ಸವ ಕಟ್ಟಿದವರಲ್ಲಿ ಒಬ್ಬರು ಕ್ಯೂಬಾದಿಂದ ಬಂದ ನೃತ್ಯಗಾರ ರಾಮೋನ್ ರಾಮೋಸ್ ಅಲಾಯೋ.

ನೀನು ಮೊದಲು ಕ್ಯೂಬಾದ ಬಾಟಾ ಡ್ರಮ್ ಕೇಳು. ಮೃದಂಗದ ಹಾಗೇ ಎರಡು ಮುಖದ ವಾದ್ಯ, ತೊಡೆಯ ಮೇಲೆ ಅಡ್ಡ ಇಟ್ಟು ಎರಡೂ ಕೈಯಲ್ಲಿ ನುಡಿಸುತ್ತಾರೆ. ಆದರೆ ಒಂದಲ್ಲ, ಮೂರು. ದೊಡ್ಡದು ಇಯಾ, ನಡುವಿನದು ಇತೋತೆಲೆ, ಚಿಕ್ಕದು ಒಕೋಂಕೊಲೊ. ಚಿಕ್ಕದು ಬಿಡದೆ ನಡೆ ಹಿಡಿದಿರುತ್ತದೆ. ಇಯಾ ಕರೆಯುತ್ತದೆ, ಇತೋತೆಲೆ ಉತ್ತರ ಕೊಡುತ್ತದೆ. ಒಬ್ಬರ ಪೆಟ್ಟು ಮಾತ್ರ ಕೇಳಿದರೆ ಏನೂ ತಿಳಿಯುವುದಿಲ್ಲ, ಮೂರೂ ಸೇರಿದಾಗಲೇ ಅದು ಮಾತಾಡುವುದು. ಕೈಯಲ್ಲಿ ತಾಳ ಹಾಕಿ ಲೆಕ್ಕ ಹಿಡಿಯುವ ಅಭ್ಯಾಸ ಸ್ವಲ್ಪ ಹೊತ್ತು ಪಕ್ಕಕ್ಕಿಡು. ರುಂಬಾ ಅನ್ನೋ ಕ್ಯೂಬಾದ ಹಾಡು-ಕುಣಿತಕ್ಕೆ ನುಡಿಸುವಾಗ ಎರಡು ಮರದ ಕೋಲು ಬಡಿಯುತ್ತಿರುತ್ತಾರೆ, ಅದು ಕ್ಲಾವೆ. ಐದು ಪೆಟ್ಟು, ಮತ್ತೆ ಅದೇ ಐದು ಪೆಟ್ಟು. ಕಿವಿ ಅಲ್ಲಿರಲಿ.

ಇದರ ಹಿಂದೆ ದೊಡ್ಡ ನೋವಿದೆ, ತಿಳಿದುಕೊಂಡೇ ಹೋಗು. ಬಾಟಾ ಬಂದದ್ದು ಇಂದಿನ ನೈಜೀರಿಯಾ ಕಡೆಯಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಯೊರುಬಾ ಜನರ ಜೊತೆ. ಕ್ಯೂಬಾದಲ್ಲಿ ಗುಲಾಮಗಿರಿ ಹೋಗಿದ್ದು 1886ರಲ್ಲಿ. ತಮ್ಮ ದೇವರುಗಳನ್ನು ಅವರು ಕ್ಯಾಥೊಲಿಕ್ ಸಂತರ ಹೆಸರಿನ ಮರೆಯಲ್ಲಿ ಉಳಿಸಿಕೊಂಡರು. ಗುಡುಗಿನ ದೇವರು ಚಾಂಗೊ ಸಂತ ಬಾರ್ಬರಾ ಆದ. ಹವಾನಾ, ಮತಾಂಸಾಸ್ ಬಂದರುಗಳ ಕೂಲಿಗಳು ಸರಕಿನ ಪೆಟ್ಟಿಗೆಗಳನ್ನೇ ಬಡಿದು ರುಂಬಾ ನುಡಿಸಿದರು. ಅದೇ ರುಂಬಾ 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಆ ಜನ ಇದನ್ನು ಕೈಬಿಡಲಿಲ್ಲವಲ್ಲ ಎಂದು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

ಕ್ಲಾಸಿನಲ್ಲಿ ಯೆಮಯಾ, ಅಂದರೆ ಸಮುದ್ರದ ತಾಯಿಯ ಕುಣಿತ ಕಲಿಸಿದರೆ ಹೆಂಗಸರ ನೀಲಿ ಲಂಗದ ಅಂಚು ನೋಡು. ಮೊದಲು ಎಡಕ್ಕೆ ಬಲಕ್ಕೆ ಮೆಲ್ಲಗೆ ತೂಗುತ್ತದೆ. ಬಾಟಾ ಜೋರಾದ ಹಾಗೆ ಬೆನ್ನು, ಭುಜ ಎಲ್ಲ ಏಳುತ್ತವೆ, ಆಮೇಲೆ ಗಿರ್ರನೆ ತಿರುಗುತ್ತಾರೆ. ನಿನ್ನ ಕಾಲು ತಪ್ಪುತ್ತದೆ, ತಪ್ಪಲಿ. ಹಿಂದಿನ ಸಾಲಲ್ಲಿ ನಿಂತುಕೋ, ಪಕ್ಕದವರು ತಾವಾಗಿಯೇ ಹೇಳಿಕೊಡುತ್ತಾರೆ.

ಒಂದು ಮಾತು ಮಾತ್ರ ಮರೆಯಬೇಡ. ಕೇಳದೆ ಬಾಟಾ ಮುಟ್ಟಬೇಡ. ಪೂಜೆ ಮಾಡಿ ಪವಿತ್ರಗೊಳಿಸಿದ ಬಾಟಾವನ್ನು ದೀಕ್ಷೆ ಪಡೆದವರೇ ನುಡಿಸಬೇಕು. ಕಲಿಸಲು, ವೇದಿಕೆಗೆ ಬೇರೆ ಬಾಟಾ ಇರುತ್ತವೆ. ಕ್ಲಾಸ್ ಮುಗಿದಾಗ ಎಲ್ಲರೂ ನುಡಿಸಿದವರ ಮುಂದೆ ಬಂದು ನೆಲ ಮುಟ್ಟಿ ನಮಸ್ಕರಿಸುವುದನ್ನು ಇಲ್ಲಿ ನೋಡಿದ್ದೇನೆ. ನಿನಗೆ ಅದನ್ನು ಹೇಳಿಕೊಡಬೇಕಿಲ್ಲ, ಅಲ್ವಾ?

ಕನ್ನಡ ಕೂಟಕ್ಕೂ ಬಾ, ಅಲ್ಲಿ ನಮ್ಮವರು ಜಾಸ್ತಿ ಸಿಗುತ್ತಾರೆ. ಆದರೆ ಬಂದು ಸೇರಿದ ಊರಿನ ಜನರ ಪರಿಚಯ ಆಗದೆ ಒಂಟಿತನ ಪೂರ್ತಿ ಹೋಗುವುದಿಲ್ಲ. ಊರಿಂದ ಯಾರಾದರೂ ಬರುವವರಿದ್ದರೆ ನಿನ್ನ ಮೃದಂಗವನ್ನೂ ತರಿಸಿಕೋ. ಇಲ್ಲಿನ ಡ್ರಮ್ ನುಡಿಸುವವರು ಅದನ್ನು ಖಂಡಿತ ಕೇಳಿಸಿಕೊಳ್ಳುತ್ತಾರೆ.